ತೊಟ್ಟಿಗೆ ಹಾಕಬಾರದ ಸಾಮಾನು

ನಮ್ಮ ಬೀದಿಯ ತೊಟ್ಟಿಗೆ ಏನು ಹಾಕಬಹುದು, ಏನು ಹಾಕಬಾರದು ಎನ್ನುವುದನ್ನು ನನ್ನನ್ನು ಕೇಳಬೇಕು. ಬೇರೆಯವರನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಗಾಜಿನ ಬಾಟಲಿ ಹಾಕಬಹುದು, ಒಡೆದ ಕನ್ನಡಿ ಹಾಕಬಾರದು. ತಗಡಿನ ಡಬ್ಬಿ ಹಾಕಬಹುದು, ಬಟ್ಟೆ ನೇತುಹಾಕುವ ತಂತಿಯ ಹ್ಯಾಂಗರ್ ಹಾಕಬಾರದು. ಪ್ಲಾಸ್ಟಿಕ್ ಬಿಂದಿಗೆ ಸರಿ, ಪ್ಲಾಸ್ಟಿಕ್ ಹೂವಿನ ಹಾರ ತಪ್ಪು. ಉಪ್ಪಿನಕಾಯಿ ಭರಣಿ ಎಷ್ಟು ಚೆನ್ನಾಗಿ ತೊಳೆದಿದ್ದರೂ ತಪ್ಪೇ, ಯಾಕೆಂದರೆ ಅದು ಪಿಂಗಾಣಿ. ಇಪ್ಪತ್ತೆರಡು ವರ್ಷ ಈ ತೊಟ್ಟಿಗೆ ಕೈ ಹಾಕಿ, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಆರಿಸಿದವಳು ನಾನು, ಇಂದ್ರಾಣಿ. ಈಗ ಕೈ ಹಾಕುವುದಿಲ್ಲ. ಯಾಕೆಂದು ಹೇಳುತ್ತೇನೆ.

ಸೋಮವಾರ ಬೆಳಿಗ್ಗೆ ಏಳಕ್ಕೆ ಗುಡ್ಡದ ಮೇಲಿನ ಕಾರ್ಖಾನೆಯಿಂದ ಗಾಡಿ ಬಂದು, ತೊಟ್ಟಿಯಲ್ಲಿದ್ದದ್ದನ್ನೆಲ್ಲ ಸುರಿದುಕೊಂಡು ಹೋಗುತ್ತದೆ. ಗುರುವಾರ ಮಧ್ಯಾಹ್ನ ಅದೇ ಗಾಡಿ ಇಳಿದು ಬರುತ್ತದೆ. ನಾವು ಕೊಟ್ಟದ್ದೇ ತಟ್ಟೆ, ಲೋಟ, ಬಕೆಟ್ಟು, ನೋಟ್‌ಬುಕ್ಕು ಆಗಿ ಮನೆಮನೆಗೆ ಹಂಚಿಕೆಯಾಗುತ್ತದೆ. ನಮ್ಮೂರಿನಲ್ಲಿ ಪಾತ್ರೆ ಅಂಗಡಿ ಇಲ್ಲ, ಇದ್ದಿದ್ದರೂ ನಡೆಯುತ್ತಿರಲಿಲ್ಲ. ಹಾಕಬೇಕಾದ್ದನ್ನು ಮಾತ್ರ ಹಾಕಿದರೆ ಬಂದ ಲೋಟ ಲೋಟದ ಹಾಗೆ ಇರುತ್ತದೆ, ತಟ್ಟೆ ತಟ್ಟೆಯ ಹಾಗೆ ಇರುತ್ತದೆ. ಹಾಕಬಾರದ್ದು ಒಂದೇ ಒಂದು ಸೇರಿದರೂ ಆ ವಾರ ಬೀದಿಗೆಲ್ಲ ಬಂದ ಸಾಮಾನಿಗೆ ಅದರ ಗುಣ ಹತ್ತಿಬಿಡುತ್ತದೆ. ಹತ್ತಿದ ಮೇಲೆ ಮೂರು ವಾರ ಅದನ್ನೇ ಬಳಸಬೇಕು, ನಾಲ್ಕನೇ ಸೋಮವಾರ ವಾಪಸ್ ಹಾಕಬಹುದು. ಮಾಡಿದ್ದುಣ್ಣೋ ಮಹರಾಯ.

ಸಿದ್ದಲಿಂಗಪ್ಪ ಒಂದು ಸಲ ತೋಟಕ್ಕೆ ನೀರು ಬಿಡುವ ಹಳೇ ಪೈಪು ಸುತ್ತಿ ಹಾಕಿದ್ದ. ಆ ವಾರ ಬಂದ ತಟ್ಟೆಗಳೆಲ್ಲ ಮೆತ್ತಗೆ. ಸಾರು ಬಡಿಸಿದರೆ ಒಂದು ಕಡೆಗೆ ಬಾಗಿ ಮಡಿಲಿಗೇ ಸುರಿಯುತ್ತಿತ್ತು. ಮೂರು ವಾರ ಬೀದಿಗೆ ಬೀದಿಯೇ ಬಾಳೆಲೆ ಹುಡುಕಿಕೊಂಡು ಓಡಾಡಿತು. ಮೇಷ್ಟ್ರ ಹೆಂಡತಿ ರತ್ನಾಬಾಯಿ ಹಾಕಿದ್ದು ಕುಕ್ಕರಿನ ವಿಷಲ್ಲು. ಬಿಸಿ ಕಾಫಿ ಸುರಿದ ಕೂಡಲೇ ಲೋಟಗಳು ಮೂರು ಸಲ ಕೂಗುತ್ತಿದ್ದವು, ಅಕ್ಕಪಕ್ಕದ ಮನೆಯವರು ಓಡಿಹೋಗಿ ಒಲೆ ಆರಿಸುತ್ತಿದ್ದರು. ಅನ್ನ ಬೇಯದೆ ಎಷ್ಟು ಮನೆಯಲ್ಲಿ ಜಗಳವಾಯಿತೋ ಲೆಕ್ಕವಿಲ್ಲ. ಹದಿನಾಲ್ಕನೇ ಮನೆಯ ಭುಜಂಗರಾಯರು ಮುರಿದ ಕೊಡೆಯೊಂದನ್ನು ಕಾಗದದ ಕಟ್ಟಿನೊಳಗೆ ಸೇರಿಸಿ ಹಾಕಿದ್ದರು. ಮೋಡ ಕವಿದರೆ ಸಾಕು, ಮಕ್ಕಳ ನೋಟ್‌ಬುಕ್ಕುಗಳು ತಾವೇ ಬಿಚ್ಚಿಕೊಳ್ಳುತ್ತಿದ್ದವು, ಎಷ್ಟು ಒತ್ತಿದರೂ ಮುಚ್ಚುತ್ತಿರಲಿಲ್ಲ. ಇವೆಲ್ಲ ನಾನು ಆರಿಸುವ ಕೆಲಸಕ್ಕೆ ಬರುವ ಮೊದಲಿನ ಸಂಗತಿಗಳು ಎಂದು ಹೇಳಿಬಿಡುತ್ತೇನೆ.

ಹೀಗೆ ಏನಾದರೂ ಆದಾಗ ತೊಟ್ಟಿಯ ಹಿಂದಿನ ಗೋಡೆಯ ಮೇಲೆ ಆ ಸಾಮಾನಿನ ಹೆಸರು ಬರೆಯುತ್ತಾರೆ, ಪಕ್ಕದಲ್ಲಿ ಅದನ್ನು ಹಾಕಿದವರ ಹೆಸರು. ಪೈಪು, ಸಿದ್ದಲಿಂಗಪ್ಪ. ವಿಷಲ್ಲು, ರತ್ನಾಬಾಯಿ. ಕೊಡೆ, ಭುಜಂಗರಾಯ. ಬೀದಿಗೆ ಹೊಸದಾಗಿ ಬಂದ ಸೊಸೆಯರಿಗೆ ಮೊದಲು ತೋರಿಸುವುದು ಆ ಗೋಡೆಯನ್ನೇ. ಬರೆಯುವುದು ಆರಿಸುವವಳ ಕೆಲಸ. ಬಣ್ಣದ ಡಬ್ಬಿ ಹಿಡಿದುಕೊಂಡು ನಿಲ್ಲುವುದು ತಪ್ಪು ಮಾಡಿದವರ ಕೆಲಸ. ಒಂದು ಸಲ ಗೋಡೆಯ ಮೇಲೆ ಹೆಸರು ಬಂದವರು ತೊಟ್ಟಿಗೆ ಕೈ ಹಾಕುವಂತಿಲ್ಲ. ಸಾಮಾನನ್ನು ತಂದು ಪಕ್ಕದಲ್ಲಿಟ್ಟು ಹೋಗಬೇಕು, ಬೇರೆಯವರು ನೋಡಿ ಹಾಕುತ್ತಾರೆ. ಈ ನಿಯಮ ಯಾರು ಮಾಡಿದರೋ ನನಗೆ ಗೊತ್ತಿಲ್ಲ, ಮುರಿದವರನ್ನಂತೂ ನಾನು ಕಂಡಿಲ್ಲ.

ಜನ ಕೆಟ್ಟವರಲ್ಲ. ಆಸೆಯಿಂದ ಹಾಕುತ್ತಾರೆ. ಇದೂ ಹೊಸದಾಗಿ ಬರಲಿ ಎಂದು ಸುಟ್ಟುಹೋದ ಇಸ್ತ್ರಿಪೆಟ್ಟಿಗೆ ಹಾಕುತ್ತಾರೆ, ಹರಿದ ಕೌದಿ ಹಾಕುತ್ತಾರೆ, ಟಾರ್ಚಿನ ಸೆಲ್ಲು ಹಾಕುತ್ತಾರೆ. ಒಬ್ಬಾಕೆ ಸತ್ತ ಮಾವನ ಹಲ್ಲಿನ ಸೆಟ್ಟನ್ನು ಹಾಲಿನ ಕವರಿನಲ್ಲಿ ಸುತ್ತಿ ತಂದಿದ್ದಳು. ಅದೇನಾದರೂ ಗುಡ್ಡ ಹತ್ತಿದ್ದರೆ ಆ ವಾರ ತಟ್ಟೆಗಳೇ ನಮ್ಮನ್ನು ತಿನ್ನುತ್ತಿದ್ದವು. ಇಂಥವರಿಗೆಲ್ಲ ಮುಖಕ್ಕೆ ಹೊಡೆದ ಹಾಗೆ ಬೇಡ ಎನ್ನುವುದು ನನ್ನ ಕೆಲಸವಾಗಿತ್ತು. ಮೂವತ್ತಡಿ ದೂರದಿಂದಲೇ ಯಾರ ಚೀಲದಲ್ಲಿ ಏನಿದೆ ಎಂದು ಹೇಳಿಬಿಡುತ್ತಿದ್ದೆ. ಇಂದ್ರಕ್ಕನದು ಹದ್ದಿನ ಕಣ್ಣು ಎಂದು ಬೀದಿಯೆಲ್ಲ ಹೇಳುತ್ತಿತ್ತು, ನಾನೂ ಅಲ್ಲ ಅನ್ನುತ್ತಿರಲಿಲ್ಲ. ಮಕ್ಕಳಿಲ್ಲದ ನನಗೆ, ಯಜಮಾನರು ತೀರಿಕೊಂಡ ಮೇಲೆ ಬೆಳಿಗ್ಗೆ ಎದ್ದು ತಲೆ ಬಾಚಿಕೊಳ್ಳುವುದಕ್ಕೆ ಒಂದು ಕಾರಣವೆಂದರೆ ಆ ತೊಟ್ಟಿ. ಅದು ಕೈತಪ್ಪಿದರೆ ನಾನು ಬರೀ ಒಂಬತ್ತನೇ ಮನೆಯ ವಿಧವೆ, ಅಷ್ಟೇ.

ನಾಲ್ಕು ವರ್ಷದ ಹಿಂದೆ ನನಗೆ ಕೈಯಲ್ಲಿ ಹಿಡಿದದ್ದು ಮಬ್ಬಾಗಿ ಕಾಣಲು ಶುರುವಾಯಿತು. ಗುಡ್ಡದ ಮೇಲಿನ ಕಾರ್ಖಾನೆಯ ಕಿಟಕಿ ಎಣಿಸಬಲ್ಲೆ, ಬೆರಳಿನ ನಡುವಿನ ಸಾಸಿವೆ ಕಾಣದು. ಪಕ್ಕದೂರಿನಲ್ಲಿ ಕಣ್ಣಿನ ಶಿಬಿರ ನಡೆದಾಗ, ತಂಗಿಯ ಮನೆಗೆಂದು ಹೇಳಿ ಹೋಗಿ ಒಂದು ಕನ್ನಡಕ ತಂದೆ. ಮೆಂತ್ಯದ ಡಬ್ಬಿಯೊಳಗೆ ಇಟ್ಟೆ. ಹದ್ದಿನ ಕಣ್ಣಿನವಳು ಕನ್ನಡಕ ಹಾಕಿಕೊಂಡು ಬೀದಿಗೆ ಇಳಿಯುವುದುಂಟೆ? ಸೋಮವಾರ ಮಾತ್ರ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗುತ್ತಿದ್ದೆ. ನಮ್ಮ ತೊಟ್ಟಿ ಎದೆಯುದ್ದ ಇದೆ, ಆರಿಸುವಾಗ ಕಲ್ಲಿನ ಮೇಲೆ ಹತ್ತಿ, ಸೊಂಟದವರೆಗೆ ಬಾಗಿ ತಲೆ ಒಳಗೆ ಹಾಕಬೇಕು. ತಲೆ ಒಳಗೆ ಹೋದ ಮೇಲೆ ಕನ್ನಡಕ ಏರಿಸುವುದು, ಹೊರಗೆ ಬರುವ ಮುಂಚೆ ಇಳಿಸಿ ಸೊಂಟಕ್ಕೆ ಸಿಕ್ಕಿಸುವುದು. ನಾಲ್ಕು ವರ್ಷ ಒಬ್ಬರಿಗೂ ತಿಳಿಯಲಿಲ್ಲ. ಮೆಂತ್ಯದ ವಾಸನೆ ಏನು ಅಕ್ಕ ಎಂದು ಯಾರಾದರೂ ಕೇಳಿದರೆ, ತಲೆಗೆ ಹಚ್ಚಿದ್ದೇನೆ ತಂಪಿಗೆ ಎನ್ನುತ್ತಿದ್ದೆ.

ಆ ಸೋಮವಾರ ತಲೆ ಒಳಗಿದ್ದಾಗ ಭುಜಂಗರಾಯರ ಸೊಸೆ ವಿಶಾಲಾಕ್ಷಿ ಪೇಪರಿನ ಕಟ್ಟು ಹೊತ್ತುಕೊಂಡು, "ಇಂದ್ರಕ್ಕಾ, ತಡೀರಿ ತಡೀರಿ, ನಮ್ದು ಇದೊಂದಿದೆ" ಎಂದು ಕೂಗುತ್ತ ಓಡಿಬಂದಳು. ನಾನು ಗಾಬರಿಯಲ್ಲಿ ಕನ್ನಡಕ ಕಿತ್ತು ಸೊಂಟಕ್ಕೆ ತುರುಕಿ ತಲೆ ಎತ್ತಿದೆ. ಕಟ್ಟು ತಡವಿ ನೋಡಿ ಹಾಕಿದೆ. ಗಾಡಿ ಬಂತು, ಸುರಿದುಕೊಂಡು ಹೋಯಿತು. ಮನೆಗೆ ಬಂದು ಮೆಂತ್ಯದ ಡಬ್ಬಿ ತೆಗೆದು ಸೊಂಟ ಮುಟ್ಟಿಕೊಂಡರೆ ಕನ್ನಡಕ ಇಲ್ಲ. ಬಾಗಿಲಿಗೆ ಓಡಿಬಂದು ನೋಡಿದೆ. ಗಾಡಿ ಗುಡ್ಡದ ಕೊನೆಯ ತಿರುವು ಹತ್ತುತ್ತಿತ್ತು. ಅದರ ಹಿಂದಿನ ಚಕ್ರಕ್ಕೆ ಅಂಟಿದ ಕೆಸರು ಕೂಡ ನನಗೆ ಚೆನ್ನಾಗಿ ಕಾಣುತ್ತಿತ್ತು.

ಗುರುವಾರ ಬಂದ ಲೋಟ, ಬಾಟಲಿ, ತಟ್ಟೆ ಎಲ್ಲದರಲ್ಲೂ ಎಲ್ಲವೂ ದಪ್ಪಗೆ ಕಾಣುತ್ತಿತ್ತು. ತಟ್ಟೆಗೆ ಹಾಕಿದ ಅನ್ನದ ಅಗುಳು ಹುಣಸೆಬೀಜದಷ್ಟು. ಎರಡು ಇಡ್ಲಿ ಹಾಕಿದರೆ ತಟ್ಟೆ ತುಂಬಿದ ಹಾಗೆ ಕಂಡು, ಸಾಕಪ್ಪಾ ಸಾಕು ಎಂದು ಗಂಡಸರು ಕೈ ಅಡ್ಡ ಹಿಡಿಯುತ್ತಿದ್ದರು, ಅರ್ಧ ಗಂಟೆಗೆ ಮತ್ತೆ ಹಸಿವು ಎನ್ನುತ್ತಿದ್ದರು. ಮಕ್ಕಳು ಲೋಟದ ತಳದಿಂದ ಇರುವೆ ನೋಡಿ ಕಿರುಚಿಕೊಂಡು ಓಡಿದರು. ಬಂದ ನೆಂಟರು ನಮ್ಮ ಬೀದಿಯ ಔದಾರ್ಯ ಹೊಗಳಿದರು. ಹಾಲು ಉಕ್ಕುತ್ತಿದೆ ಎಂದು ಹಾರಿಬೀಳುವುದು, ಹಲ್ಲಿ ಮೊಸಳೆಯೆಂದು ಹೆದರುವುದು, ಇದೆಲ್ಲ ಎರಡು ದಿನದಲ್ಲಿ ಅಭ್ಯಾಸವಾಯಿತು. ನಮ್ಮ ಜನಕ್ಕೆ ಎಲ್ಲವೂ ಎರಡು ದಿನದಲ್ಲಿ ಅಭ್ಯಾಸವಾಗುತ್ತದೆ.

ಬೀದಿಯ ಯಜಮಾನಿಕೆ ದಿನಸಿ ಅಂಗಡಿಯ ಕರಿಬಸಪ್ಪನದು. ಅವನು ಲೋಟ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ, "ಇದು ಕನ್ನಡಕ. ಯಾರೋ ಕನ್ನಡಕ ಹಾಕವ್ರೆ" ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಯಾರೂ ನೋಡಲಿಲ್ಲ. ನನ್ನ ಕಡೆ ಯಾರು ನೋಡುತ್ತಾರೆ? ಕನ್ನಡಕದವರು ಬೀದಿಯಲ್ಲಿ ನಾಲ್ಕೇ ಮಂದಿ. ಕರಿಬಸಪ್ಪನೂ ಸೇರಿ ಮೂವರು ತಮ್ಮ ತಮ್ಮ ಕನ್ನಡಕ ಮೂಗಿನ ಮೇಲೆ ತೋರಿಸಿದರು. ಭುಜಂಗರಾಯರೂ ತೋರಿಸಿದರು. ಆಗ ವಿಶಾಲಾಕ್ಷಿ ಮೆಲ್ಲಗೆ, "ಮಾವ, ಕಪಾಟಿನಲ್ಲಿ ನಿಮ್ದು ದಾರ ಕಟ್ಟಿದ ಹಳೇ ಜೋಡಿ ಇತ್ತಲ್ಲ?" ಎಂದಳು. ಹೋಗಿ ಹುಡುಕಿದರು. ಅದು ಸಿಗಲಿಲ್ಲ.

ಆ ಹಳೇ ಜೋಡಿ ಎಲ್ಲಿ ಹೋಯಿತೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಎಲ್ಲರ ಮನೆ ದೋಸೆಯೂ ತೂತೇ, ಯಾರ ಮನೆಯಲ್ಲಿ ಒಂದು ಸಾಮಾನು ಕಾಣೆಯಾಗಿಲ್ಲ? ಆದರೆ ಕೊಡೆ ಹಾಕಿದ ಮನುಷ್ಯ, ಹಳೇ ಜೋಡಿ ಕಾಣುತ್ತಿಲ್ಲ, ಮತ್ತೇನು ಬೇಕು ನಮ್ಮ ಬೀದಿಗೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. "ನಾನು ಹಾಕಿಲ್ಲ ಕಣಯ್ಯ" ಎಂದು ರಾಯರು ಮೊದಲ ದಿನ ಗಟ್ಟಿಯಾಗಿಯೇ ಹೇಳಿದರು. ಮೂರನೇ ದಿನ, "ಹಾಕಿದ ನೆನಪಿಲ್ಲ" ಎಂದರು. ಒಂದು ವಾರ ಕಳೆದ ಮೇಲೆ ಕರಿಬಸಪ್ಪನ ಅಂಗಡಿಯ ಮುಂದೆ ನಿಂತು, "ಹಾಕಿದ್ದರೂ ಹಾಕಿರಬಹುದು, ವಯಸ್ಸಾಯ್ತು" ಎಂದರು. ನಾನು ಅಲ್ಲೇ ಬೆಲ್ಲ ಕಟ್ಟಿಸಿಕೊಳ್ಳುತ್ತ ನಿಂತಿದ್ದೆ. ಬೆಲ್ಲ ತೆಗೆದುಕೊಂಡು ಮನೆಗೆ ಬಂದೆ.

ಭುಜಂಗರಾಯರನ್ನು ನೀವು ತಿಳಿಯಬೇಕು. ಎಪ್ಪತ್ತನಾಲ್ಕು ವರ್ಷ. ಸರ್ವೆ ಆಫೀಸಿನಲ್ಲಿದ್ದು ನಿವೃತ್ತರಾದವರು, ಮಗ ದೂರದ ಅಣೆಕಟ್ಟಿನ ಕೆಲಸದಲ್ಲಿದ್ದಾನೆ, ಮನೆಯಲ್ಲಿ ಸೊಸೆ ಮತ್ತು ಇವರು. ಬೀದಿಯಲ್ಲಿ ಯಾರು ಯಾವ ವಾರ ಹುಟ್ಟಿದರು ಎಂದು ಕೇಳಿದರೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹೇಳುತ್ತಿದ್ದರು. ವಾರ ಮಾತ್ರವಲ್ಲ, ಅವತ್ತು ಬಿಸಿಲಿತ್ತೋ ಮೋಡವಿತ್ತೋ, ಸೂಲಗಿತ್ತಿ ಯಾವ ದಾರಿಯಿಂದ ಬಂದಳು ಎಲ್ಲವನ್ನೂ. ಮದುವೆ ಮುಂಜಿ ಮಾತುಕತೆಗೆ ಜನ ಪಂಚಾಂಗ ಬಿಡಿಸುವ ಮೊದಲು ರಾಯರ ಮನೆ ಜಗಲಿಗೆ ಬರುತ್ತಿದ್ದರು. ನನಗೂ ಅವರಿಗೂ ಅಷ್ಟಕ್ಕಷ್ಟೇ. ಅವರ ಚೀಲ ಬಿಚ್ಚಿಸಿ ನೋಡದೆ ನಾನು ಒಂದು ಸೋಮವಾರವೂ ಬಿಟ್ಟವಳಲ್ಲ. "ಇಂದ್ರಮ್ಮ ಕಸ್ಟಮ್ಸ್ ಆಫೀಸರು" ಎಂದು ಅವರು ನನ್ನ ಬೆನ್ನ ಹಿಂದೆ ಅನ್ನುತ್ತಿದ್ದದ್ದೂ ನನಗೆ ಗೊತ್ತು.

ನಾನು ಸುಳ್ಳು ಹೇಳಲಿಲ್ಲ. ಬಾಯಿ ಮುಚ್ಚಿಕೊಂಡಿದ್ದೆ, ಅಷ್ಟೇ. ಒಂದು ಹೆಸರು ಗೋಡೆಯ ಮೇಲೆ ಇದ್ದೇ ಇದೆಯಲ್ಲ, ಇನ್ನೊಂದು ಸಲ ಬಂದರೆ ಆ ಮುದುಕನಿಗೆ ಹೊಸದಾಗಿ ಏನು ನಷ್ಟ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆ ವಾರದ ತೊಟ್ಟಿಯನ್ನು ಬರೀ ಕೈಯಿಂದ ತಡವಿ ಆರಿಸಿದೆ. ಮುಂದಿನ ವಾರವೂ. ಬೆರಳಿಗೆ ಎಲ್ಲ ತಿಳಿಯುತ್ತಿತ್ತು, ಒಂದೂ ತಪ್ಪಲಿಲ್ಲ. ಹೀಗೇ ಇನ್ನು ಹತ್ತು ವರ್ಷ ನಡೆಸಬಲ್ಲೆ ಎನ್ನಿಸಿತು.

ಹದಿನಾಲ್ಕನೇ ಮನೆಯಲ್ಲಿ ಮಾತ್ರ ಒಂದೊಂದೇ ಬದಲಾಗುತ್ತಿತ್ತು. ವಿಶಾಲಾಕ್ಷಿ ಗ್ಯಾಸ್ ಲೈಟರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡತೊಡಗಿದಳು. ಮಾವನ ಕೈಯಿಂದ ಬೀಗದ ಕೈ ತೆಗೆದುಕೊಂಡಳು. ಅವಳಿಗೆ ಕೆಟ್ಟ ಮನಸ್ಸಿರಲಿಲ್ಲ, ಹೆದರಿಕೆ. ಅವಳ ಅಜ್ಜ ಹೀಗೇ ಕನ್ನಡಕ ಕಳೆದುಕೊಳ್ಳುವುದರಿಂದ ಶುರುಮಾಡಿ ಕೊನೆಗೆ ಹೆಂಡತಿಯ ಹೆಸರು ಮರೆತು ಸತ್ತಿದ್ದರಂತೆ. ರಾಯರು ಪೇಟೆಗೆ ಹೊರಟರೆ ಹಿಂದೆಯೇ ಹತ್ತು ಹೆಜ್ಜೆ ದೂರದಲ್ಲಿ ಇವಳು. ಹೊಸ ಲೋಟದಲ್ಲಿ ಕೊಟ್ಟರೆ ಗಾಬರಿಯಾಗುತ್ತಾರೆ ಎಂದು ಹಳೇ ಸ್ಟೀಲ್ ಲೋಟದಲ್ಲೇ ಕಾಫಿ ಕೊಡುತ್ತಿದ್ದಳು.

ಒಂದು ಮಧ್ಯಾಹ್ನ ನನ್ನ ಜಗಲಿಯಿಂದ ನೋಡುತ್ತಿದ್ದೆ. ಸಿದ್ದಲಿಂಗಪ್ಪನ ಮಗಳು ಕಂಕುಳಲ್ಲಿ ಕೂಸು ಇಟ್ಟುಕೊಂಡು ರಾಯರ ಮುಂದೆ ನಿಂತಿದ್ದಳು. "ತಾತ, ನಮ್ ದೊಡ್ಡೋಳು ಹುಟ್ಟಿದ್ದು ಯಾವ ವಾರ? ಸ್ಕೂಲಿಗೆ ಸೇರಿಸ್ಬೇಕು, ನಮ್ಮತ್ತೆ ವಾರ ನೋಡ್ಬೇಕು ಅಂತಾರೆ." ರಾಯರ ತುಟಿ ಅಲ್ಲಾಡಿತು. ಶನಿವಾರ ಎಂದು ತುಟಿ ಹೇಳಿದ್ದು ಅಷ್ಟು ದೂರಕ್ಕೂ ನನಗೆ ಕಂಡಿತು. ಆದರೆ ದನಿ ಹೊರಡಲಿಲ್ಲ. ಅವರು ತಲೆ ಕೊಡವಿಕೊಂಡು, "ಪಂಚಾಂಗದಲ್ಲಿ ನೋಡಿಸಮ್ಮ. ನನ್ನ ಕೇಳಬೇಡ ಇನ್ನು" ಎಂದರು. ಅವಳು ಹೋದ ಮೇಲೆ ಬೆರಳು ಮಡಿಸಿ ಮಡಿಸಿ ಏನೋ ಎಣಿಸಿದರು, ಮತ್ತೆ ಮೊದಲಿನಿಂದ ಎಣಿಸಿದರು.

ನನಗೆ ಕೂರಲಾಗಲಿಲ್ಲ. ಎದ್ದು ಹೋಗಿ, ನೆವಕ್ಕೆ ಒಂದು ನಿಂಬೆಹಣ್ಣು ಕೊಟ್ಟು, "ರಾಯರೇ, ನಾನು ಈ ಬೀದಿಗೆ ಮದುವೆಯಾಗಿ ಬಂದದ್ದು ಯಾವ ವಾರ?" ಎಂದು ಕೇಳಿದೆ.

"ಬುಧವಾರ" ಎಂದರು ಥಟ್ಟನೆ. ಮರುಕ್ಷಣ ಮುಖ ಸಪ್ಪಗಾಯಿತು. "ಅಲ್ವೇನೋ. ಖಾತ್ರಿ ಇಲ್ಲಮ್ಮ. ನನ್ನ ತಲೆ ನಂಬೋ ಹಾಗಿಲ್ಲ ಈಗ. ಕನ್ನಡಕ ಹಾಕಿದ್ದೇ ನೆನಪಿಲ್ಲ ಅಂದ್ಮೇಲೆ ಮಿಕ್ಕಿದ್ದು ಯಾವ ಲೆಕ್ಕ?"

ಬುಧವಾರವೇ. ಮನೆಗೆ ಬಂದು ಒಲೆ ಹಚ್ಚದೆ ಗೋಡೆಗೆ ಒರಗಿ ಕೂತೆ. ನನ್ನ ಮೇಲೆ ನನಗೆ ಅಷ್ಟು ಅಸಹ್ಯ ಹಿಂದೆಂದೂ ಆಗಿರಲಿಲ್ಲ. ಗೋಡೆಯ ಮೇಲೆ ಹೆಸರು ಬಂದರೆ ಬರಲಿ, ಅದನ್ನು ಆ ಮನುಷ್ಯ ತಡೆದುಕೊಳ್ಳಬಲ್ಲ. ನಾನು ಕಿತ್ತುಕೊಳ್ಳುತ್ತಿದ್ದದ್ದು ಅವರ ತಲೆಯನ್ನು. ನನ್ನ ಒಂದು ಸೋಮವಾರ ಉಳಿಸಿಕೊಳ್ಳಲು ಅವರ ಏಳು ವಾರವನ್ನೂ ಅಳಿಸುತ್ತಿದ್ದೆ.

ಮೂರನೇ ಭಾನುವಾರ ಬೆಳಿಗ್ಗೆ ಗೋಡೆಯ ಮುಂದೆ ಬೀದಿಯೆಲ್ಲ ಸೇರಿತು. ರಾಯರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದು, ಯಾರೂ ಹೇಳುವ ಮೊದಲೇ ಬಣ್ಣದ ಡಬ್ಬಿ ಎತ್ತಿಕೊಂಡು ನಿಂತರು. ಹಿಂದೆ ವಿಶಾಲಾಕ್ಷಿ. ನಾನು ಕುಂಚ ಅದ್ದಿದೆ. ಕುಂಚದ ತುದಿ ನನಗೆ ಕಾಣುವುದಿಲ್ಲ, ಕೈ ಅಂದಾಜಿನ ಮೇಲೆ ಹೋಗುತ್ತದೆ. ಕನ್ನಡಕ ಎಂದು ಬರೆದೆ.

"ಬರೀರಿ ಅಕ್ಕ, ಬಿಸಿಲೇರ್ತಾ ಐತೆ" ಎಂದ ಕರಿಬಸಪ್ಪ.

ಪಕ್ಕದಲ್ಲಿ ಇಂದ್ರಾಣಿ ಎಂದು ಬರೆದೆ. ಗೋಡೆಯ ಮೇಲೆ ಅಷ್ಟು ದಪ್ಪ ಅಕ್ಷರ ಬೇರೆ ಯಾರ ಹೆಸರಿಗೂ ಬರೆದಿಲ್ಲ.

ಹಿಂದೆ ಕಿಸಕ್ಕನೆ ನಕ್ಕರು. "ಅಕ್ಕಾ, ನಿಮ್ ಹೆಸರು ಬರ್ದುಬಿಟ್ರಿ!" ಎಂದಳು ರತ್ನಾಬಾಯಿ.

"ಗೊತ್ತು ಕಣೆ. ನನ್ನ ಹೆಸರು ನನ್ಗೆ ಬರಿಯೋಕೆ ಬರುತ್ತೆ. ಆ ಕನ್ನಡಕ ನಂದು. ನಾಲ್ಕು ವರ್ಷದಿಂದ ಹಾಕ್ಕೋತಿದೀನಿ, ಈ ತೊಟ್ಟಿ ಒಳಗೆ, ನಿಮಗ್ಯಾರಿಗೂ ಕಾಣದ ಹಾಗೆ. ಸೊಂಟದಿಂದ ಜಾರಿ ಬಿತ್ತು. ರಾಯರು ಏನೂ ಹಾಕಿಲ್ಲ."

ಬೈಯುತ್ತಾರೆ ಎಂದುಕೊಂಡಿದ್ದೆ. ಬೀದಿಗೆ ಬೀದಿಯೇ ನಗತೊಡಗಿತು. "ಹದ್ದಿಗೆ ಕನ್ನಡಕವಂತೆ!" ಎಂದು ಕರಿಬಸಪ್ಪ ತೊಡೆ ತಟ್ಟಿಕೊಂಡ. "ಎಲ್ಲಿ, ಆ ಮೂಲೆ ಹಾಲಿನ ಬೂತಿನ ಬೋರ್ಡು ಓದಿ ನೋಡಾನ." ನಾನು ತಿರುಗಿ, ಸಂಜೆ ನಾಲ್ಕರ ಮೇಲೆ ಮೊಸರು ಇಲ್ಲ ಎನ್ನುವ ಕೆಳಗಿನ ಸಣ್ಣ ಸಾಲಿನವರೆಗೂ ಓದಿಬಿಟ್ಟೆ. ಕಂಡದ್ದನ್ನು ಕಾಣಲಿಲ್ಲ ಎನ್ನುವುದು ನನ್ನ ಜಾಯಮಾನದಲ್ಲಿಲ್ಲ. ಜನ ಚಪ್ಪಾಳೆ ಹೊಡೆದರು.

"ದೂರದ್ದು ಕಾಣುತ್ತೆ ಕಣ್ರೋ, ಕೈಯಲ್ಲಿ ಹಿಡ್ಕೊಂಡದ್ದು ಕಾಣಲ್ಲ" ಎಂದು ಕೂಗಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ರಾಯರು ಮಾತ್ರ ನಗಲಿಲ್ಲ. ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ನನ್ನ ಹತ್ತಿರ ಬಂದು, "ಬೇಡಮ್ಮ. ನೀನು ಒಳ್ಳೆಯವಳು, ನನಗೆ ಗೊತ್ತಿರಲಿಲ್ಲ. ಆದರೆ ಕನಿಕರಕ್ಕೆ ಹೆಸರು ಬರ್ಕೊಬೇಡ. ನಾನೇ ಹಾಕಿರ್ತೀನಿ" ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಜೀವಮಾನದಲ್ಲಿ ಒಂದು ಸಲ ತಪ್ಪೊಪ್ಪಿಕೊಂಡರೆ ಅದನ್ನು ದಾನ ಧರ್ಮ ಎನ್ನುವುದೇ?

ಕರಿಬಸಪ್ಪನ ಅಂಗಡಿಯಿಂದ, ಕನ್ನಡಕ ಸೇರಿದ ವಾರ ಬಂದ ಗಾಜಿನ ಲೋಟ ಒಂದು ತರಿಸಿದೆ. "ರಾಯರೇ, ಡಬ್ಬಿ ಕೆಳಗಿಡಿ. ಕನ್ನಡಕ ತೆಗೀರಿ. ಇದರಲ್ಲಿ ಗೋಡೆ ನೋಡಿ. ಇದು ನಿಮ್ಮ ಕನ್ನಡಕದಿಂದ ಆದ ಲೋಟ ಆಗಿದ್ರೆ ನಿಮ್ಮ ಕಣ್ಣಿಗೆ ಒಪ್ಪಬೇಕಲ್ಲ?"

ಅವರು ಕನ್ನಡಕ ತೆಗೆದು, ಲೋಟವನ್ನು ಕಣ್ಣಿಗೆ ಹಿಡಿದರು. ಹಿಂದಕ್ಕೆ ಸರಿದರು, ಮುಂದಕ್ಕೆ ಬಾಗಿದರು. "ಏನೂ ಕಾಣಲ್ಲಮ್ಮ. ಹೊಗೆ ಹೊಗೆ. ಬರೀ ಕಣ್ಣಿಗೇ ಇದಕ್ಕಿಂತ ವಾಸಿ." ಆಮೇಲೆ ತಾವೇ ನಿಂತು ಯೋಚಿಸಿದರು. "ನನ್ನದು ದೂರ ಕಾಣದ ಕಣ್ಣು. ನನ್ನ ಗಾಜಿನಲ್ಲಿ ಎಲ್ಲ ಸಣ್ಣಗೆ ಕಾಣುತ್ತೆ. ಹಳೇ ಜೋಡಿಯೂ ಅದೇ ತರಹದ್ದು." ಕರಿಬಸಪ್ಪ ರಾಯರ ಕನ್ನಡಕ ತೆಗೆದುಕೊಂಡು ಅದರಲ್ಲಿ ತನ್ನ ಬೆರಳು ನೋಡಿದ, ಆಮೇಲೆ ಲೋಟದಲ್ಲಿ ನೋಡಿದ. ಒಂದರಲ್ಲಿ ಕಡ್ಲೆಕಾಯಿ, ಇನ್ನೊಂದರಲ್ಲಿ ಬಾಳೆಹಣ್ಣು. ಅವನ ನಗು ನಿಂತಿತು. ಈ ಒಂದು ಪರೀಕ್ಷೆ ಮಾಡುವ ಬುದ್ಧಿ ಮೂರು ವಾರ ನಮ್ಮಲ್ಲಿ ಒಬ್ಬರಿಗೂ ಬಂದಿರಲಿಲ್ಲ.

"ಈಗ ನನ್ನದು ನೋಡಿ" ಎಂದೆ. "ರಾಯರೇ, ಜೇಬಲ್ಲಿ ಏನಾದ್ರೂ ಚೀಟಿಗೀಟಿ ಇದ್ಯಾ? ಸಣ್ಣ ಅಕ್ಷರದ್ದು."

ಅವರು ಅಂಗಿಯ ಜೇಬು ತಡವಿದರು. ಒಳಗೆ ಏನೋ ಸಿಕ್ಕಿಕೊಂಡಿತ್ತು. ಎಳೆದು ತೆಗೆದರೆ ನಾಲ್ಕಾಗಿ ಮಡಿಸಿದ ಕಾಗದ, ಮೂಲೆಗೆ ಪಿನ್ನು ಚುಚ್ಚಿತ್ತು. "ಇದೇನೋ ನನಗೆ ಗೊತ್ತಿಲ್ಲ. ಅಂಗಡಿ ಚೀಟಿ ಇರಬೇಕು" ಎಂದು ಬಿಚ್ಚದೆ ಕೊಟ್ಟರು. ಹಿಂದಿನಿಂದ ವಿಶಾಲಾಕ್ಷಿ "ಅಕ್ಕಾ" ಎಂದದ್ದು ಕೇಳಿಸಿತು, ನಾನು ಲಕ್ಷ್ಯ ಕೊಡಲಿಲ್ಲ. ಮೊದಲು ಬರೀ ಕಣ್ಣಿಗೆ ಹಿಡಿದೆ, ಇರುವೆ ಸಾಲಿನ ಹಾಗೆ ಕಂಡಿತು. ಲೋಟ ಅಡ್ಡ ಹಿಡಿದೆ. ಮೂರು ವಾರದ ಮೇಲೆ ಅಕ್ಷರಗಳು ಒಂದೊಂದಾಗಿ ಎದ್ದು ನಿಂತವು. ಆ ಖುಷಿಗೆ ನಾನು ಬೀದಿಗೆಲ್ಲ ಕೇಳುವ ಹಾಗೆ ಓದಿಬಿಟ್ಟೆ:

"ಇವರ ಹೆಸರು ಭುಜಂಗರಾಯರು. ಇವರಿಗೆ ಮರೆವು ಇದೆ. ಎಲ್ಲಾದರೂ ದಾರಿ ತಪ್ಪಿ ಕಂಡರೆ ದಯವಿಟ್ಟು ತೊಟ್ಟಿ ಬೀದಿಯ ಹದಿನಾಲ್ಕನೇ ಮನೆಗೆ ತಲುಪಿಸಿ."

ಓದಿ ಮುಗಿಸಿದ ಮೇಲೆಯೇ ನನಗೆ ಅರ್ಥವಾದದ್ದು. ವಿಶಾಲಾಕ್ಷಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ರಾಯರು ಚೀಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದು ಒಂದೊಂದೇ ಅಕ್ಷರ ಓದಿದರು. ಎರಡು ಸಲ ಓದಿದರು.

"ಹೆದ್ರಿಕೆ ಆಯ್ತು ಮಾವ" ಎಂದಳು ವಿಶಾಲಾಕ್ಷಿ. "ಅವರೂ ಊರಲ್ಲಿಲ್ಲ. ನಾನೊಬ್ಳೇ. ನೀವೆಲ್ಲಾದ್ರೂ ಹೋಗ್ಬಿಟ್ರೆ ಅಂತ..."

ರಾಯರು ನೆಟ್ಟಗೆ ನಿಂತು ಅವಳನ್ನೇ ನೋಡುತ್ತ ಹೇಳಿದರು. "ನೀನು ನಮ್ಮನೆ ಹೊಸಲು ತುಳಿದದ್ದು ಶುಕ್ರವಾರ. ಬೆಳಿಗ್ಗೆ ಸೋನೆ ಇತ್ತು, ನೀನು ಬರೋ ಹೊತ್ತಿಗೆ ಬಿಸಿಲು ಬಂತು. ಬಲಗಾಲಿನ ಕಾಲುಂಗುರ ದಾರೀಲಿ ಬಿದ್ದುಹೋಗಿತ್ತು. ಯಾರಿಗೂ ಹೇಳದೆ ಅಳ್ತಾ ಕೂತಿದ್ದೆ. ನಾನು ಹೋಗಿ ಹುಡುಕಿ ತಂದೆ, ಬಾವಿ ಕಟ್ಟೆ ಹತ್ರ ಸಿಕ್ತು. ಹೌದೋ ಅಲ್ವೋ?"

"ಹೌದು ಮಾವ" ಎಂದಳು. ಸೊಂಟದಿಂದ ಬೀಗದ ಕೈ ಗೊಂಚಲು ಬಿಚ್ಚಿ ಅವರ ಕೈಗಿಟ್ಟಳು.

ರಾಯರು ಅದನ್ನು ಜೇಬಿಗೆ ಹಾಕಿಕೊಂಡರು. ಕೈಯಲ್ಲಿ ಚೀಟಿ ಉಳಿಯಿತು. ಅತ್ತಿತ್ತ ನೋಡಿ ತೊಟ್ಟಿಯ ಹತ್ತಿರ ಹೋದರು, ಅಲ್ಲೇ ತಡೆದು ನಿಂತು ನನ್ನ ಕಡೆ ತಿರುಗಿದರು. ಗೋಡೆಯ ಮೇಲೆ ನನ್ನ ಹೆಸರಿನ ಬಣ್ಣ ಇನ್ನೂ ಹಸಿ, ಅದರ ತುದಿ ಕೆಳಗೆ ಸೋರುತ್ತಿತ್ತು. ಇನ್ನು ಈ ತೊಟ್ಟಿಗೆ ಅವರ ಹಾಗೆ ನಾನೂ ಕೈ ಹಾಕುವಂತಿರಲಿಲ್ಲ. ಬೀದಿಯವರೆಲ್ಲ ನನ್ನನ್ನೇ ನೋಡುತ್ತಿದ್ದರು.

"ಇದು ಹಾಕಬಹುದೇನಮ್ಮ, ಇಂದ್ರಮ್ಮ?" ಎಂದರು ರಾಯರು.

ನಾನು ಹತ್ತಿರ ಹೋಗಿ ಆ ಕಾಗದವನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ನೋಡಿದೆ. ನೋಟ್‌ಬುಕ್ಕಿನ ಹಾಳೆ. ಎಣ್ಣೆ ಇಲ್ಲ, ಮೇಣ ಇಲ್ಲ, ಪ್ಲಾಸ್ಟಿಕ್ ಇಲ್ಲ.

"ಹಾಕಬಹುದು" ಎಂದೆ. "ಪಿನ್ನು ತೆಗೆದು ಹಾಕಿಸಿ."